ಗುಂಡನಿಗೂ ಅಮ್ಮನಿಗೂ ಒಂದೇ ಬಟ್ಟೆ

"ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?" ಮೊಲದ ಕಿವಿಯನ್ನು ಬೆಳಕಿಗೆ ಹಿಡಿದು ಪಶುವೈದ್ಯ ಕೇಳಿದ.

"ಇಲ್ಲ. ಎಲ್ಲಾ ಚೆನ್ನಾಗಿದೀವಿ," ಎಂದಳು ಹೊಲಿಗೆಯವಳು. ಅಷ್ಟು ದೊಡ್ಡ ಸುಳ್ಳು ಅಷ್ಟು ಸಲೀಸಾಗಿ ಬಾಯಿಗೆ ಬಂದದ್ದು ಕಂಡು ಅವಳಿಗೇ ದಿಗಿಲಾಯಿತು.

ಮೊಲದ ಹೆಸರು ಗುಂಡ. ಹೆಸರಿಗೆ ತಕ್ಕ ಮೈ. ಈಗ ಮಾತ್ರ ಮೂಗಿನ ಮೇಲೆ, ಕಿವಿಯ ಬುಡದಲ್ಲಿ ದುಂಡುದುಂಡಾಗಿ ರೋಮ ಉದುರಿ ಹಕ್ಕಳೆ ಕಟ್ಟಿತ್ತು.

"ಹುಳುಕಡ್ಡಿ. ಮನುಷ್ಯರಿಗೂ ಅಂಟುತ್ತೆ. ಗ್ಲೌಸ್ ಹಾಕ್ಕೊಂಡು ಮುಲಾಮು ಹಚ್ಚಿ. ಇದರ ಬಟ್ಟೆ ಬೇರೆ ಇಡಿ, ಬಿಸಿನೀರಲ್ಲಿ ಒಗೀರಿ." ಆಮೇಲೆ ಬುಟ್ಟಿಯೊಳಗಿನ ಹಾಸನ್ನು ನೋಡಿ ಹುಬ್ಬೇರಿಸಿದ. "ಮೊಲಕ್ಕೆ ಇಷ್ಟು ಚೆಂದದ ಹಾಸಿಗೆ! ನನ್ನ ಶರ್ಟಿನ ಗುಂಡಿ ಬಿದ್ದು ವರ್ಷ ಆಯ್ತು, ಹೇಳೋರಿಲ್ಲ ಕೇಳೋರಿಲ್ಲ."

"ನಿಮಗೂ ಕೂದಲು ಉದುರಿದ್ರೆ ನೋಡೋಣ."

ಅವನು ತಲೆ ಬಗ್ಗಿಸಿ ತೆಳುವಾಗುತ್ತಿದ್ದ ನೆತ್ತಿಯನ್ನು ತೋರಿಸಿದ. ಅವಳು ನಕ್ಕಳು. ಎಷ್ಟು ತಿಂಗಳಾದ ಮೇಲಿನ ನಗುವೋ ಅದು.

ಮನೆಯಲ್ಲಿ ಅಮ್ಮನಿಗೆ ಕ್ಯಾನ್ಸರ್. ಔಷಧಿಯ ಹೊಡೆತಕ್ಕೆ ತಲೆ ಪೂರ್ತಿ ಬೋಳಾಗಿತ್ತು. "ನನ್ನ ನೋಡಿ ಗುಂಡನೂ ಶುರು ಮಾಡಿದಾನೆ ಕಣೆ," ಎಂದು ಅಮ್ಮ ತಮಾಷೆ ಮಾಡುತ್ತಿದ್ದಳು. ದಿನವಿಡೀ ಮಂಚದ ಪಕ್ಕ ಕೂತು ಅವಳ ಮಾತು ಕೇಳುವವನು ಅವನೊಬ್ಬನೇ.

ಬೀದಿಗಿಳಿದರೆ ಎಲ್ಲರೂ ದನಿ ತಗ್ಗಿಸಿ, "ಅಮ್ಮ ಹೇಗಿದ್ದಾರಮ್ಮಾ?" ಎನ್ನುತ್ತಿದ್ದರು. ಅಂಗಡಿಗೆ ಅಳತೆ ಕೊಡಲು ಬಂದವರೂ ಲೊಚಗುಟ್ಟುತ್ತಿದ್ದರು. ಆ ಮೊಲದ ಡಾಕ್ಟರ ಮೇಜಿನ ಮುಂದೆ ಮಾತ್ರ ಅವಳು ಬರೀ ಹೆಣ್ಣು, ಕಣ್ಣಲ್ಲಿ ಕಣ್ಣಿಟ್ಟು ರೇಗಿಸಬಹುದಾದ ಹೆಣ್ಣು. ಆ ಒಂದು ಜಾಗವನ್ನು ಕಳೆದುಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ.

ಹೇಳಿದ್ದನ್ನೆಲ್ಲ ಮಾಡಿದಳು. ಗುಂಡನನ್ನು ಹಿತ್ತಲ ಕೋಣೆಗೆ ಹಾಕಿದಳು. ಮುಂದಿನ ಸಲ ಹೋದಾಗ ಡಾಕ್ಟರ ಶರ್ಟಿಗೆ ಗುಂಡಿಯನ್ನೂ ಹಚ್ಚಿದಳು, ಅವನು ಅದನ್ನು ತೊಟ್ಟುಕೊಂಡಿರುವಾಗಲೇ. ದಾರ ಕಡಿಯಲು ಬಗ್ಗಿದಾಗ ಅವನು ಉಸಿರು ಬಿಗಿಹಿಡಿದದ್ದು ಅವಳ ಕೆನ್ನೆಗೆ ಗೊತ್ತಾಯಿತು.

ತಪ್ಪಿದ್ದು ಒಂದೇ ಕಡೆ. ಮೆತ್ತನೆಯ ಹತ್ತಿಬಟ್ಟೆಯ ಒಂದೇ ತುಂಡಿನಲ್ಲಿ ಅವಳು ಅಮ್ಮನ ತಲೆವಸ್ತ್ರವನ್ನೂ ಗುಂಡನ ಹಾಸನ್ನೂ ಹೊಲಿದಿದ್ದಳು. ಮಿಕ್ಕ ಬಟ್ಟೆ ಎಸೆಯದ ದರ್ಜಿ ಬುದ್ಧಿ. ಒಗೆಯಲು ನೀರು ಕಾಯುವವರೆಗೆ ಕುರ್ಚಿಯ ಮೇಲೆ ಬಿಟ್ಟಿದ್ದ ಗುಂಡನ ಹಾಸನ್ನು ಅಮ್ಮ ಚಳಿಗೆ ತಲೆಗೆ ಸುತ್ತಿಕೊಂಡಿದ್ದಳು.

"ನಂದೇ ಅಂದ್ಕೊಂಡೆ ಕಣೆ," ಎಂದಳು ಅಮ್ಮ, ಬೋಳು ತಲೆಯ ಮೇಲೆ ಕೆಂಪು ಉಂಗುರಗಳು ಎದ್ದಾಗ. ಅವು ಒಡೆದು ಕೀವಾದವು. ಮುಂದಿನ ಡೋಸ್ ಸದ್ಯಕ್ಕೆ ಬೇಡ ಎಂದರು ದೊಡ್ಡಾಸ್ಪತ್ರೆಯವರು.

ಅವಳು ನೇರ ಅವನಲ್ಲಿಗೆ ಓಡಿದಳು. "ಇಷ್ಟೆಲ್ಲಾ ಆಗುತ್ತೆ ಅಂತ ಯಾಕೆ ಹೇಳ್ಲಿಲ್ಲ ನೀವು?"

"ನಾನು ಕೇಳಿದ್ದೆ. ಇಲ್ಲ ಅಂದ್ರಿ." ಅವನ ಮುಖ ಬಿಳಿಚಿತ್ತು. "ಹೇಳಿದ್ರೆ ಅವತ್ತೇ ಗುಂಡನ್ನ ಇಲ್ಲೇ ಇಟ್ಕೊಳ್ತಿದ್ದೆ. ಯಾಕೆ ಮುಚ್ಚಿಟ್ರಿ?"

"ನೀವೂ ಎಲ್ಲರ ಹಾಗೆ ನೋಡ್ತೀರಾ ಅಂತ." ಇಷ್ಟು ಹೇಳುವಷ್ಟರಲ್ಲಿ ಅವಳಿಗೆ ಅಳು ಉಕ್ಕಿ ಬಂತು. "ನನ್ನ ನಗುವಿಗೆ ಅಮ್ಮ ದಂಡ ಕಟ್ಟೋ ಹಾಗಾಯ್ತು."

ಅವನು ಅವಳ ಜೊತೆಯಲ್ಲೇ ಬಂದು ಗುಂಡನನ್ನು ತನ್ನ ಮನೆಗೆ ಒಯ್ದ.

ಅಂದಿನಿಂದ ಸಂಜೆಯಾದರೆ ಕಿಟಕಿಯ ಗಾಜಿನ ಮೇಲೆ ಟಕಟಕ ಸದ್ದು. ಹೊರಗೆ ಅವನು ಬುಟ್ಟಿ ಎತ್ತಿ ಹಿಡಿಯುತ್ತಿದ್ದ, ಒಳಗೆ ಅಮ್ಮ ಗಾಜಿಗೆ ಬೆರಳು ತಾಗಿಸಿ, "ಏನೋ ಗುಂಡಾ, ಮೂಗಿನ ಮೇಲೆ ಒಂದೆರಡು ರೋಮ ಬಂತೇನೋ?" ಎನ್ನುತ್ತಿದ್ದಳು.

"ಅವನು ಮೊಲ ತೋರಿಸೋಕಷ್ಟೇ ಬರ್ತಿದಾನೆ ಅಂದ್ಕೊಂಡಿದೀಯಾ, ಪೆದ್ದಿ?" ಎಂದಳು ಅಮ್ಮ ಒಂದು ದಿನ. "ಅವನ ಕಣ್ಣೆಲ್ಲಾ ನಿನ್ನ ಮೇಲೇ ಇರುತ್ತೆ."

"ಸುಮ್ನಿರಮ್ಮಾ. ನನಗೆ ಅದೆಲ್ಲಾ ಬೇಡ."

"ಬೇಡ ಅನ್ನೋ ಮುಖ ಹೀಗಿರಲ್ಲ. ನಾನು ಹೋದ್ಮೇಲೆ ಕಿಟಕಿ ಹಾಕ್ಕೊಂಡು ಕೂತ್ಕೋಬೇಡ."

ಗುಂಡನ ಮೂಗು ರೋಮ ಬಂದು ಮತ್ತೆ ಬಿಳಿಯಾಗುವ ಮೊದಲೇ ಅಮ್ಮ ಹೋದಳು. ಡೋಸ್ ತಪ್ಪಿದ್ದಕ್ಕಲ್ಲ, ಕಾಯಿಲೆ ಆಗಲೇ ಕೈಮೀರಿತ್ತು ಎಂದರು ಆಸ್ಪತ್ರೆಯವರು. ಅವಳು ನಂಬಲಿಲ್ಲ. ಹೆಗಲು ಕೊಟ್ಟವರಲ್ಲಿ ಅವನೂ ಇದ್ದ, ಅವಳು ತಲೆಯೆತ್ತಿ ನೋಡಲಿಲ್ಲ.

ನೆಂಟರೆಲ್ಲ ಹೊರಟುಹೋದ ಸಂಜೆ ಗಾಜು ಟಕಟಕ ಎಂದಿತು. ಬುಟ್ಟಿಯಲ್ಲಿ ಗುಂಡ. ಮೂಗಿನ ಮೇಲೆ ಹೊಸ ರೋಮ, ಬೆಳ್ಳಗೆ.

"ಯಾಕೆ ಬಂದ್ರಿ?" ಎಂದಳು ಒಳಗಿನಿಂದಲೇ. "ನೋಡೋಕೆ ಅಮ್ಮ ಇಲ್ಲ."

"ನೀವಿದೀರಲ್ಲ. ನಾನು ಬರ್ತಿದ್ದದ್ದು ಇಬ್ಬರಿಗೋಸ್ಕರ." ಅವನು ತಡವರಿಸಿ, ಮೊದಲ ದಿನದ ಹಾಗೆಯೇ ಕೇಳಿದ. "ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?"

ಈ ಸಲ ಸುಳ್ಳು ಬಾಯಿಗೆ ಬರಲಿಲ್ಲ.

"ನಂಗೆ ಹುಷಾರಿಲ್ಲ," ಎಂದಳು. "ಚೂರೂ ಹುಷಾರಿಲ್ಲ ನಂಗೆ. ಒಳಗೆ ಬನ್ನಿ."

ಬಾಗಿಲು ತೆರೆದಳು. ಅವನು ಅವಳ ಕೈಹಿಡಿದುಕೊಂಡ. ಗುಂಡ ಬುಟ್ಟಿಯಿಂದ ಜಿಗಿದು, ಕುಪ್ಪಳಿಸುತ್ತ ಅಮ್ಮನ ಮಂಚದ ಪಕ್ಕ ಹೋಗಿ, ಮಾತು ಕೇಳಲು ಕೂತ.