ನಡುಹೊಳೆಯಲ್ಲಿ ಕೆಮ್ಮುವ ಮೋಟರು

ಕೃಷ್ಣೆಯ ಹಿನ್ನೀರಿನ ಮೇಲೆ ಬೆಳಗಿನ ಮಂಜು ಕೆನೆಗಟ್ಟಿತ್ತು. ಬೀಳಗಿ ಕಡೆಯ ಆ ದಂಡೆಯೂರಿನಲ್ಲಿ ಬಗೆಹರಿಯದ್ದೇನಿದ್ದರೂ ಜನ ಹುಡುಕಿಕೊಂಡು ಬರುವುದು ನಿವೃತ್ತ ನರ್ಸಬಾಯಿ ಸಾವಿತ್ರೆವ್ವನ ಮನೆಗೆ. ಅಲ್ಲಿ ಚಹಾ ಸೋಸುತ್ತಿದ್ದ ಅಂಗನವಾಡಿಯ ವೈಶಾಲಿ, ಬಾಗಿಲಲ್ಲಿ ನಿಂತ ದೋಣಿ ನಡೆಸುವ ಮಹಾಲಿಂಗನ ಬಾಡಿದ ಮುಖ ಕಂಡೇ ಗಾಬರಿಯಾದಳು.

“ಅಕ್ಕಾರ, ಹೊಸಾ ಮೋಟರ ಮತ್ತ ನಡುಹೊಳ್ಯಾಗ ನಿಂತಿತ್ರಿ. ಹಳೇದರ ಮ್ಯಾಲಿನ ಮೋಹಕ್ಕ ನಾನ ಕೆಡಿಸೇನಂತ ದೋಣಿ ಮಾಲಕ ಚನಮಲ್ಲಪ್ಪ ಸಾವಕಾರ್ರು ಕೆಲಸಾ ಬಿಡಸಾಕತ್ತಾರ್ರಿ.”

ದಂಡೆಗೆ ಹೋಗಿ ಸಾವಿತ್ರೆವ್ವ ಪ್ಲಗ್ ಬಿಚ್ಚಿಸಿದರು. ಎಣ್ಣೆಯಲ್ಲಿ ಅದ್ದಿದಂತಿತ್ತು. ಮೋಟರಿನ ಒಂದು ಮಗ್ಗುಲಲ್ಲಿ, ಮಲಗಿಸುವಾಗ ಇದೇ ಕೆಳಗಿರಲಿ ಎಂಬ ಬಾಣದ ಗುರುತು; ಅದರ ಮೇಲೆ ಪೂಜೆಯ ಭಂಡಾರದ ಹಳದಿ.

“ರಾತ್ರಿ ಎಲ್ಲಿಡತೀಪಾ?”

“ಕಳುವಿನ ಅಂಜಿಕಿಗೆ ಮನ್ಯಾಗ ಮಲಗಸ್ತೇನ್ರಿ, ಬಾಣ ಕೆಳಗ ಮಾಡಿ.”

ಮಹಾಲಿಂಗನ ಮನೆಯ ಪಡುಗೋಡೆಗೆ ತಾಗಿ ಒಂದು ಬೆಂಚು. ಮೇಲೆ ಹಾಸಿದ ಕೌದಿಯ ತುಂಬ ಎಣ್ಣೆಯ ಕಲೆ. ಸಾವಿತ್ರೆವ್ವ ಸಾವಕಾರರನ್ನೂ ಅಲ್ಲಿಗೇ ಕರೆಸಿದರು.

“ಸಿದ್ದಕ್ಕಾ, ಭಂಡಾರ ಹಚ್ಚಿದಾಕಿ ನೀನ ಹೌದಲ್ಲ?” ಎಂದು ಮಹಾಲಿಂಗನ ತಾಯಿಯನ್ನು ಕೇಳಿದರು.

“ಹೌದ್ರಿ. ಅನ್ನಾ ಹಾಕೂ ಮೋಟರ.”

“ಬಾಣದ ಮಗ್ಗಲ ಕೆಳಗಿರತಿತ್ತಲ್ಲ, ಅದಕ್ಕ ಹೆಂಗ ಹಚ್ಚಿದಿ?”

ಸಿದ್ದಕ್ಕನ ತಲೆ ತಗ್ಗಿತು. “ಇಂವ ಉತ್ತರಕ್ಕ ತಲಿ ಮಾಡಿ ಮಲಗಸ್ತಾನ್ರಿ. ಹಂಗ ಯಾರರ ಮಲಗ್ತಾರ? ಇಂವ ಮಲಗಿದಮ್ಯಾಲೆ ದಕ್ಷಿಣಕ್ಕ ತಿರುವತಿದ್ದೆ. ಹಿಡಿಕಿ ಗ್ವಾಡಿಗೆ ಬಡೀತಂತ ಮಗ್ಗಲಾನೂ ಬದಲಸ್ತಿದ್ದೆ. ನಗತಾನಂತ ನಸಿಕಿಗೆ ಮತ್ತ ಮೊದಲಿನಂಗ.”

“ಅಷ್ಟ ವಜ್ಜಾದ್ದು ಒಬ್ಬಾಕೀನ?” ಸಾವಕಾರರು ಬೆರಗಾದರು.

“ಟಗರ ಎತ್ತಿದ ಕೈರೀ ಇವು!”

ಸಾವಿತ್ರೆವ್ವ ನಕ್ಕರು. “ಹಳೇ ಟೂ-ಸ್ಟ್ರೋಕಿನ್ಯಾಗ ಎಣ್ಣಿ ಪೆಟ್ರೋಲದಾಗ ಬೆರತಿರತಿತ್ತು. ಹೊಗಿ ಉಗುಳತಿತ್ತು, ಪೆಟ್ರೋಲ ಬಾಳ ಕುಡೀತಿತ್ತು, ಖರೆ ಹೆಂಗ ಮಲಗಿಸಿದ್ರೂ ನಡೀತಿತ್ತು. ಈ ಫೋರ್-ಸ್ಟ್ರೋಕ್ ಕಡಿಮಿ ಕುಡೀತದ, ಸಪ್ಪಳಿಲ್ಲ. ಆದರ ಎಣ್ಣಿ ಹೊಟ್ಟ್ಯಾಗ ಬ್ಯಾರೆ ಇರತದ. ಹಾಲ ಕುಡದ ಕೂಸಿದ್ದಂಗ. ಮಗ್ಗಲ ತಪ್ಪಿದ್ರ ಗಂಟಲಿಗೆ ಬರತದ, ಪ್ಲಗ್ ತೊಯ್ತದ, ನಡುಹೊಳ್ಯಾಗ ಕೆಮ್ಮಿ ನಿಲ್ಲತದ.”

ಚನಮಲ್ಲಪ್ಪ ದೋಣಿಯ ಕೀಲಿಯನ್ನು ಮಹಾಲಿಂಗನ ಅಂಗೈಯಲ್ಲಿಟ್ಟು, “ತಪ್ಪಾತಪಾ” ಎಂದರು.

“ಆದ್ರ ಉತ್ತರದ ತಲಿ?” ಸಿದ್ದಕ್ಕ ಪಟ್ಟು ಬಿಡಲಿಲ್ಲ.

“ಬೆಂಚ ಎದುರಿನ ಗ್ವಾಡಿಗೆ ಸರಸು. ತಲಿ ದಕ್ಷಿಣಕ್ಕ, ಹಿಡಿಕಿ ಗ್ವಾಡಿಗೆ ಬಡಿಯೂದಿಲ್ಲ, ಬಾಣಾನೂ ಕೆಳಗ,” ಎಂದರು ಸಾವಿತ್ರೆವ್ವ.

ಮರುದಿನ ಮಂಜಿನೊಳಗೆ ದೋಣಿ ಸದ್ದಿಲ್ಲದೆ ಸರಿಯಿತು. ಅದು ನಡುಹೊಳೆ ದಾಟುವವರೆಗೆ ವೈಶಾಲಿ ಸಿದ್ದಕ್ಕನ ಜೊತೆ ದಂಡೆಯಲ್ಲೇ ನಿಂತು ನೋಡಿದಳು. ಆಚೆ ದಂಡೆಯಿಂದ ಮಹಾಲಿಂಗನ ಕೂಗು ಕೇಳಿತು: “ಅವ್ವಾ, ಕೂಸು ಛಲೋ ನಿದ್ದಿ ಮಾಡೇತಿ!”