ಇನ್ನೂರ ಹದಿನಾಲ್ಕನೇ ಅಂಗೈ

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಇಬ್ಬರು ಠಾಣೆಗೆ ಬಂದರು. ಒಬ್ಬರು ನಿವೃತ್ತ ಮೇಷ್ಟ್ರು, ಕಂಕುಳಲ್ಲಿ ದಪ್ಪ ಫೈಲು. ಇನ್ನೊಬ್ಬಾಕೆ ಮಣ್ಣಿನ ಕೆಲಸದ ಕಲಾವಿದೆ. ಎಷ್ಟು ತೊಳೆದರೂ ಹೋಗದ ಕೆಮ್ಮಣ್ಣು ಉಗುರಿನ ಸಂದಿಯಲ್ಲಿ ಹಾಗೇ ಇತ್ತು.

ಇನ್ಸ್‌ಪೆಕ್ಟರ್ ಮೇಡಂ ಕುರ್ಚಿ ತೋರಿಸಿದರು. "ಏನು ಕಳವಾಗಿದೆ?"

"ಒಂದು ಕೈ," ಅಂದಳು ಕಲಾವಿದೆ.

ದೂರು ಬರೆಯಲು ಕೂತಿದ್ದ ಮುಖ್ಯಪೇದೆ ತಲೆ ಎತ್ತಿದ. "ನೋಡಮ್ಮಾ, ಇಪ್ಪತ್ತೆರಡು ವರ್ಷದಿಂದ ಬರೀತಾ ಇದೀನಿ. ಸ್ವಲ್ಪ ಬಿಡಿಸಿ ಹೇಳಿದ್ರೆ ನನಗೂ ಒಳ್ಳೇದು."

ಬಿಡಿಸಿ ಹೇಳಿದವರು ಮೇಷ್ಟ್ರು. ಬಡಾವಣೆಗೆ ಹೊಸ ರೈಲು ನಿಲ್ದಾಣ ಬಂದಿತ್ತು. ಇಳಿದು ಹೊರಬರುವ ದಾರಿಯ ಉದ್ದದ ಗೋಡೆಗೆ ಏನಾದರೂ ಕಲಾಕೃತಿ ಮಾಡಿಸಬೇಕೆಂದು ಊರಿನವರದೇ ಒಂದು ಸಮಿತಿಯಾಯಿತು. ಮೇಷ್ಟ್ರು ಅದರ ಅಧ್ಯಕ್ಷರು. ಕರೆ ಕೊಟ್ಟಾಗ ಒಂಬತ್ತು ಮಂದಿ ಕಲಾವಿದರು ನಕ್ಷೆ ಕಳಿಸಿದ್ದರು. ಒಬ್ಬರದು ಕಬ್ಬಿಣದ ಕುದುರೆ. "ನಮ್ಮಲ್ಲಿ ಯಾವ ಕುದುರೆ ರೈಲಿಳಿಯುತ್ತೆ ಅಂತ ಹೆಂಗಸರು ನಕ್ಕುಬಿಟ್ರು. ಈಕೆಯದು ಎಲ್ಲರಿಗೂ ಒಪ್ಪಿಗೆಯಾಯ್ತು." ಆಕೆಯ ಯೋಜನೆ ಸರಳ: ಬಡಾವಣೆಯ ಮುನ್ನೂರ ಅರವತ್ತು ಮಂದಿ ಹಸಿಮಣ್ಣಿನ ಬಿಲ್ಲೆಯ ಮೇಲೆ ಬಲ ಅಂಗೈ ಒತ್ತುವುದು, ಅದನ್ನು ಗೂಡಿನಲ್ಲಿ ಸುಟ್ಟು ಗೋಡೆಗೆ ಕೂರಿಸುವುದು. ಅಂಗೈ ಒತ್ತಿಸಿದ್ದು ಕಳೆದ ವರ್ಷ. ಸುಟ್ಟು ಮುಗಿಸಿ ಗೋಡೆಗೆ ಹತ್ತಿಸಿದ್ದು ಈ ತಿಂಗಳು. ಶನಿವಾರ ಪರದೆ ಸರಿಸುವವರಿದ್ದರು.

"ನಿನ್ನೆ ಸಂಜೆ ಪಟ್ಟಿ ಹಿಡ್ಕೊಂಡು ಒಂದೊಂದೇ ತಾಳೆ ನೋಡ್ದೆ," ಅಂದಳು ಕಲಾವಿದೆ. "ಇನ್ನೂರ ಹದಿನಾಲ್ಕನೇದು ನಾನು ಮಾಡಿದ್ದಲ್ಲ. ಯಾರೋ ನನ್ನದನ್ನ ತೆಗೆದು ಬೇರೇದು ಕೂರಿಸಿದಾರೆ. ಅಂಥದ್ದೇ ಬಣ್ಣ, ಅಂಥದ್ದೇ ಅಳತೆ."

"ಬದಲಾಗಿದೆ ಅಂತ ಹೇಗೆ ಗೊತ್ತಾಯ್ತು?"

"ಎಡಗೈ ಅದು."

ಹತ್ತು ಐವತ್ತಕ್ಕೆ FIR ದಾಖಲಾಯಿತು. 'ಕಳವಾದ ಸ್ವತ್ತು' ಎಂಬಲ್ಲಿ ಮುಖ್ಯಪೇದೆ, 'ಸುಟ್ಟ ಮಣ್ಣಿನ ಬಿಲ್ಲೆ ಒಂದು, ಅದರ ಮೇಲೆ ಬಲ ಅಂಗೈ ಗುರುತು' ಎಂದು ಬರೆದು, ತನ್ನ ಅಂಗೈಯನ್ನೊಮ್ಮೆ ತಿರುಗಿಸಿ ನೋಡಿಕೊಂಡ.

*

ಹನ್ನೊಂದೂ ಮುಕ್ಕಾಲಿಗೆ ಸ್ಥಳ ಪಂಚನಾಮೆ. ನಿಲ್ದಾಣದ ಟಿಕೆಟ್ ಗುಮಾಸ್ತೆಯೂ ಪತ್ರಿಕೆ ಮಾರುವವನೂ ಪಂಚರಾದರು. ಗೋಡೆಯ ಮುಂದೆ ಹಸಿರು ಬಟ್ಟೆಯ ಪರದೆ ಇಳಿಬಿಟ್ಟಿತ್ತು. ಅದರ ಹಿಂದೆ ಹೋದಾಗ ಇನ್ಸ್‌ಪೆಕ್ಟರ್ ಕಾಗದ ಪೆನ್ನು ಮರೆತು ನಿಂತರು. ದೊಡ್ಡವು, ಚಿಕ್ಕವು, ಒಂದು ಬೆರಳು ಮೊಂಡಾದವು, ಉಂಗುರ ಒತ್ತಿದವು. ಯಾರೋ ಸರತಿಯಲ್ಲಿ ಬಂದು, ಗೋಡೆಗೆ ಕೈಯೂರಿ, ದಣಿವಾರಿಸಿಕೊಂಡು ಹೋದ ಹಾಗಿತ್ತು.

ಇನ್ನೂರ ಹದಿನಾಲ್ಕನೆಯದು ಮಗುವಿನ ಎದೆಮಟ್ಟದಲ್ಲಿತ್ತು. ಉಳಿದ ಎಲ್ಲದರಲ್ಲೂ ಹೆಬ್ಬೆರಳು ಎಡಕ್ಕೆ, ಇದೊಂದರಲ್ಲಿ ಬಲಕ್ಕೆ.

ಕಲಾವಿದೆ ಪಕ್ಕದ ಬಿಲ್ಲೆಗೆ ಬೆರಳಗಂಟಿನಿಂದ ತಟ್ಟಿದಳು. ಠಣ್ ಎಂದಿತು. ಇದಕ್ಕೆ ತಟ್ಟಿದಳು. ಧಪ್. "ಸಿಮೆಂಟು. ಇನ್ನೊಂದು ವಿಷಯ ಮೇಡಂ. ಹಸಿಮಣ್ಣು ಒಣಗಿ ಸುಟ್ಟಾಗ ಹತ್ತರಲ್ಲಿ ಒಂದು ಪಾಲು ಕುಗ್ಗುತ್ತೆ. ಈ ಗೋಡೆ ಮೇಲೆ ಯಾರ ಕೈಯೂ ಅವರವರ ಅಳತೇಲಿಲ್ಲ, ಎಲ್ಲರದೂ ಒಂಚೂರು ಚಿಕ್ಕದೇ. ಅದಕ್ಕೇ ನಾನು ಹಸಿಬಿಲ್ಲೇನ ದೊಡ್ಡದಾಗಿ ಕುಯ್ಯೋದು. ಇದು ಕುಗ್ಗಿಲ್ಲ. ಯಾವುದೋ ಮಗು ಕೈ ಇದು, ಎಷ್ಟಿದೆಯೋ ಅಷ್ಟೇ."

"ಅಂದ್ರೆ ಮಾಡಿದವನಿಗೆ ನಿಮ್ಮ ಮಣ್ಣಿನ ಗುಟ್ಟು ಗೊತ್ತಿಲ್ಲ."

"ಆದ್ರೆ ಟೈಲ್ ಹಾಕೋದು ನನಗಿಂತ ಚೆನ್ನಾಗಿ ಗೊತ್ತು. ಸುತ್ತ ಒಂದು ಚಕ್ಕೇನೂ ಎದ್ದಿಲ್ಲ, ನೋಡಿ."

ಮುಖ್ಯಪೇದೆ ಬಗ್ಗಿ ನೋಡಿದ. "ಇಷ್ಟು ನೀಟಾಗಿ ಕೆಲಸ ಮಾಡೋನನ್ನ ಕಳ್ಳ ಅಂತ ಬೈಯೋಕೂ ಬಾಯಿ ಬರಲ್ಲ ಮೇಡಂ. ನಮ್ಮನೆ ಬಚ್ಚಲು ಹಾಕಿದವನನ್ನ ನೀವು ನೋಡ್ಬೇಕಿತ್ತು." ನಂತರ ಅವನ ದನಿ ಬದಲಾಯಿತು. "ಇಲ್ಲೇನೋ ಇದೆ."

ಬಿಲ್ಲೆಯ ಕೆಳಸಂದಿಯ ಗಾರೆಯಲ್ಲಿ ನೀಲಿ ನೂಲಿನ ತುಣುಕೊಂದು ಸಿಕ್ಕಿಕೊಂಡಿತ್ತು. ಚಿಮಟದಲ್ಲಿ ತೆಗೆದು, ಲಕೋಟೆಗೆ ಹಾಕಿ, ಪಂಚರ ಸಹಿ ಪಡೆದರು.

ಕಾವಲುಗಾರನ ವಿಚಾರಣೆ ನಿಲ್ದಾಣದ ಬೆಂಚಿನ ಮೇಲೇ ಆಯಿತು.

"ಪರದೆ ಹಿಂದೆ ಯಾರ್‍ಯಾರು ಹೋಗ್ತಿದ್ರು?"

"ಕೆಲಸದೋರು ಮಾತ್ರ. ನೊಣ ಹೋದ್ರೂ ನನಗೆ ಗೊತ್ತಾಗುತ್ತೆ."

"ಭಾನುವಾರ?"

"ನಾಲ್ಕು ಜನ. ಒಂದು ಗಂಟೆಗೆ ಮೂವರು ಊಟಕ್ಕೆ ಹೋದ್ರು. ಮೇಸ್ತ್ರಿ ಹೋಗ್ಲಿಲ್ಲ. ಹಸಿವಿಲ್ಲ ಅಂದ. ಒಂದು ವಾರದಿಂದ ಅವನಿಗೆ ಹಸಿವೇ ಇರ್ಲಿಲ್ಲ ಬಿಡಿ."

"ಯಾವ ಮೇಸ್ತ್ರಿ?"

"ನೂಲು ಮೇಸ್ತ್ರಿ. ಅವನಿಗೆ ಮಟ್ಟಗೋಲು, ಲೇಸರು ಯಾವುದೂ ಬೇಡ. ಜೇಬಲ್ಲಿ ಒಂದು ನೀಲಿ ನೂಲಿನುಂಡೆ, ಅದನ್ನ ಕಟ್ಟಿ ಎಳೆದ್ರೆ ಮುಗೀತು."

ಮೇಷ್ಟ್ರ ಫೈಲಿನಲ್ಲಿ ಬಿಲ್ಲೆಗಳ ರಿಜಿಸ್ಟರು ಇತ್ತು. ಇನ್ನೂರ ಹದಿನಾಲ್ಕು: ಹುಡುಗಿ, ಎಂಟು ವರ್ಷ, ಗಿರಣಿ ಹಿಂದಿನ ಓಣಿ. ತಂದೆಯ ಕಸುಬು, ಟೈಲ್ಸ್ ಕೆಲಸ. ಆ ಓಣಿಯಲ್ಲಿ ಟೈಲ್ಸ್ ಕೆಲಸದವನು ನೂಲು ಮೇಸ್ತ್ರಿ ಒಬ್ಬನೇ ಅಂದ ಕಾವಲುಗಾರ.

"ತನ್ನ ಮಗಳ ಕೈ ತಾನೇ ಕದೀತಾನಾ?" ಮುಖ್ಯಪೇದೆ ತಲೆ ಕೆರೆದುಕೊಂಡ. "ಕದ್ದು, ಅವಳದೇ ಇನ್ನೊಂದು ಕೈ ಇಡ್ತಾನಾ?"

ಇನ್ಸ್‌ಪೆಕ್ಟರ್ ರಿಜಿಸ್ಟರು ಮುಚ್ಚಿದರು. "ಒಂದು ಬಿಲ್ಲೆ ಒಡೆದುಹೋದ್ರೆ ಏನು ಮಾಡ್ತಿದ್ರಿ?" ಎಂದು ಕಲಾವಿದೆಯನ್ನು ಕೇಳಿದರು.

"ಅವರನ್ನ ಮತ್ತೆ ಕರೆಸಿ ಕೈ ಒತ್ತಿಸ್ತಿದ್ದೆ. ಹನ್ನೊಂದು ಜನರಿಗೆ ಹಾಗೆ ಮಾಡಿದೀನಿ."

"ಜಾಗ ಖಾಲಿ ಬಿಟ್ಟಿದ್ರೂ ಕರೆಸ್ತಿದ್ರಿ."

"ಹೌದು. 'ಬಾ ಮಗು, ಬಲಗೈ ಕೊಡು' ಅಂತಿದ್ದೆ."

*

ಸಂಜೆ ನಾಲ್ಕೂ ನಲವತ್ತಕ್ಕೆ ಗಿರಣಿ ಹಿಂದಿನ ಓಣಿಯ ಮೂರನೇ ಮನೆ. ಬಾಗಿಲು ತೆಗೆದದ್ದು ಮೇಸ್ತ್ರಿಯ ಅಕ್ಕ. ಖಾಕಿ ಕಂಡದ್ದೇ ಆಕೆಯ ಮುಖ ಸುಣ್ಣವಾಯಿತು. ತಮ್ಮ ಆಸ್ಪತ್ರೆ ಕಟ್ಟಡದ ಕೆಲಸಕ್ಕೆ ಹೋಗಿದ್ದಾನೆ, ಬರುವುದು ತಡ ಎಂದಳು. ಒಳಗೆ ಕಿಟಕಿಯ ಕೆಳಗೆ ಹುಡುಗಿಯೊಬ್ಬಳು ಎಡಗೈಯಲ್ಲಿ ಕಾಪಿ ಬರೆಯುತ್ತ ಕೂತಿದ್ದಳು. ಅಂಗಿಯ ಬಲತೋಳನ್ನು ಮೊಣಕೈ ಕೆಳಗೆ ಮಡಿಸಿ ಹೊಲಿದಿತ್ತು.

ಇನ್ಸ್‌ಪೆಕ್ಟರ್ ಹೊಸ್ತಿಲಲ್ಲೇ ನಿಂತುಬಿಟ್ಟರು. ಹೆಂಗಸು ಮೆಲ್ಲಗೆ ಹೇಳಿದಳು: ಐದು ತಿಂಗಳಾಯಿತು. ಶಾಲೆಯಿಂದ ಬರುವಾಗ ಲಾರಿ. ಜೀವ ಉಳಿದದ್ದೇ ಹೆಚ್ಚು. ತಾಯಿಯಿಲ್ಲದ ಮಗು, ಅತ್ತೆಯಾದ ತಾನೇ ನೋಡಿಕೊಳ್ಳುವುದು.

ಮುಖ್ಯಪೇದೆ ಟೋಪಿ ತೆಗೆದು ಚಾಪೆಯ ಮೇಲೆ ಹುಡುಗಿಯ ಪಕ್ಕ ಕೂತ. "ಏನು ಬರೀತಿದೀಯ ಪುಟ್ಟಿ?"

"ಕಾಗುಣಿತ. ನಿಮ್ಮ ಅಕ್ಷರ ಹೇಗಿದೆ?"

"ಕೋಳಿಕಾಲು."

"ನಂದೂ. ಆದ್ರೆ ನಂದು ಎಡಗೈದು. ನಿಮ್ದ್ಯಾಕೆ?"

ಇನ್ಸ್‌ಪೆಕ್ಟರ್ ಅತ್ತೆಯ ಒಪ್ಪಿಗೆ ಕೇಳಿ, ಮಸಿ ಮೆತ್ತೆ ತೆಗೆದು, ಹುಡುಗಿಯ ಎಡ ಅಂಗೈಯನ್ನು ಹಾಳೆಯ ಮೇಲೆ ಒತ್ತಿಸಿಕೊಂಡರು. ಪಂಚನಾಮೆಯ ಅಳತೆ ಪಕ್ಕದಲ್ಲೇ ಇತ್ತು. ನಡುಬೆರಳಿನ ತುದಿಯಿಂದ ಮಣಿಕಟ್ಟಿನವರೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಹೀಗೆ ಮುಂಚೆ ಯಾರಾದ್ರೂ ಒತ್ತಿಸಿಕೊಂಡಿದ್ರಾ?"

"ಅಪ್ಪ. ಸಿಮೆಂಟಲ್ಲಿ. ಹಿತ್ತಲ ಮೆಟ್ಟಿಲಿಗೆ ಹಾಕ್ತೀನಿ ಅಂದ್ರು. ಇನ್ನೂ ಹಾಕಿಲ್ಲ." ಹುಡುಗಿ ಮಸಿಗೈಯನ್ನು ಅಗಲಿಸಿ ಹಿಡಿದಿದ್ದಳು, ಎಲ್ಲಿಗೂ ತಾಗದ ಹಾಗೆ. "ನೀವು ನಿಲ್ದಾಣದವರಾ? ಶನಿವಾರ ಪರದೆ ತೆಗೀತಾರಲ್ವಾ?"

"ತೆಗೀತಾರೆ."

"ನನ್ನ ಬಲಗೈ ಅಲ್ಲಿದೆ. ಇಡೀ ತರಗತಿಗೆ ಹೇಳಿದೀನಿ, ಎಲ್ಲರೂ ಬರ್ತಾರೆ. ಒಬ್ಬಳು ಮಾತ್ರ ನಂಬಲ್ಲ. ತೋರಿಸಿದ್ಮೇಲೆ ನಂಬ್ತಾಳೆ."

"ನೋಡಿದ್ರೆ ನಿನಗೆ ಬೇಜಾರಾಗಲ್ವಾ?" ಕೇಳಿಬಿಟ್ಟ ಮೇಲೆ ಇನ್ಸ್‌ಪೆಕ್ಟರ್‌ಗೆ ತಾವು ಇಷ್ಟು ನೇರ ಕೇಳಬಾರದಿತ್ತೆನಿಸಿತು.

ಹುಡುಗಿ ಯೋಚಿಸಿದಳು. "ಚಪ್ಪಾಳೆ ಹೊಡೀಬೇಕು. ಎಲ್ಲರೂ ಹೊಡೆಯುವಾಗ ನಾನು ತೊಡೆ ಮೇಲೆ ಹೊಡ್ಕೋತೀನಿ, ಸದ್ದೇ ಬರಲ್ಲ. ಅಲ್ಲಿ ಹೋಗಿ ಅದರ ಮೇಲೆ ಹೊಡೀತೀನಿ. ಹೆಬ್ಬೆರಳು ಉಲ್ಟಾ ಬರುತ್ತೆ. ಪರವಾಗಿಲ್ಲ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಮುಖ್ಯಪೇದೆ ಟೋಪಿಯ ಒಳಗನ್ನು ಬಹಳ ಹೊತ್ತು ಪರೀಕ್ಷಿಸಿದ.

*

ಬುಧವಾರ ಬೆಳಿಗ್ಗೆ ಹನ್ನೊಂದು ಐದಕ್ಕೆ ಆಸ್ಪತ್ರೆ ಕಟ್ಟಡದ ಎರಡನೇ ಮಹಡಿ. ನೂಲು ಮೇಸ್ತ್ರಿ ಮಂಡಿಯೂರಿ ನೆಲಕ್ಕೆ ಬಿಲ್ಲೆ ಕೂರಿಸುತ್ತಿದ್ದ. ಗೋಡೆಯಿಂದ ಗೋಡೆಗೆ ನೀಲಿ ನೂಲು ಬಿಗಿದಿತ್ತು. ಪೊಲೀಸರನ್ನು ಕಂಡು ಅವನು ಏಳಲಿಲ್ಲ. ಕೈಯಲ್ಲಿದ್ದದ್ದನ್ನು ಕೂರಿಸಿ, ತಟ್ಟಿ, ಅಂಚು ಒರೆಸಿ, ಆಮೇಲೆ ಎದ್ದ.

"ಇನ್ನೂರ ಹದಿನಾಲ್ಕು ಎಲ್ಲಿದೆ?"

ಅವನು ಮೂಲೆಯಲ್ಲಿದ್ದ ಕರಣೆ ಚೀಲ ತೋರಿಸಿದ. ಕರಣೆ, ಸುತ್ತಿಗೆಗಳನ್ನು ಬೇರೆ ಡಬ್ಬಿಗೆ ಹಾಕಿಟ್ಟಿದ್ದ. ಚೀಲದಲ್ಲಿ ಅದೊಂದೇ ಇತ್ತು, ಮೆತ್ತನೆಯ ಹಳೇ ಬನಿಯನ್ನಿನಲ್ಲಿ ಸುತ್ತಿ.

"ಯಾವಾಗ ತೆಗೆದ್ರಿ?"

"ಭಾನುವಾರ ಒಂದೂಕಾಲಿಗೆ. ಮುಕ್ಕಾಲು ಗಂಟೆ ಹಿಡೀತು."

"ಸಿಮೆಂಟಿಂದು?"

"ಅದಕ್ಕೆ ನಾಲ್ಕು ದಿನ ಮುಂಚೆ ಮಾಡಿದ್ದೆ. ಖಾಲಿ ಬಿಟ್ರೆ ಆ ಕಲಾವಿದೆ ಮಗೂನ ಮತ್ತೆ ಕರೀತಾರೆ. ಬಲಗೈ ಕೊಡು ಅಂತಾರೆ. ಅವರಿಗೇನು ಗೊತ್ತು ಪಾಪ." ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಎಡಗೈ ಅಂತ ಯಾರೂ ಗಮನಿಸಲ್ಲ ಅಂದ್ಕೊಂಡೆ. ಮುನ್ನೂರ ಅರವತ್ತರಲ್ಲಿ ಒಂದು."

"ಮೊದಲು ಗೋಡೆಗೆ ಹಚ್ಚಿದ್ದೂ ನೀವೇ ಅಲ್ವಾ?"

"ನಾನೇ." "ನಂಬರು ನೋಡದೆ ಹಚ್ತಾ ಹೋಗ್ತೀವಿ ಮೇಡಂ. ಹಿಂದೆ ಗಾರೆ ಬಳಿದು, ತಿರುಗಿಸಿ, ಒತ್ತಬೇಕು. ಒತ್ತುವಾಗ ನನ್ನ ಕೈ ಅದರ ಮೇಲೆ ಕೂತ್ಕೊಳ್ತು. ಕಿರುಬೆರಳು ಸ್ವಲ್ಪ ಸೊಟ್ಟ ಅವಳದು, ಅವರಮ್ಮಂದು ಇದ್ದ ಹಾಗೆ. ಆಗ ಗೊತ್ತಾಯ್ತು. ಅವಳು ದಿನಾ ಅದೇ ದಾರೀಲಿ ಶಾಲೆಗೆ ಹೋಗ್ಬೇಕು. ದಿನಾ ನೋಡ್ಬೇಕಾ, ಇಲ್ಲದಿರೋದನ್ನ?"

"ಒಡೆದು ಬಿಸಾಡಬಹುದಿತ್ತು."

ಮೇಸ್ತ್ರಿ ಅವರ ಮುಖವನ್ನೇ ನೋಡಿದ. ಏನು ಮಾತಾಡ್ತಿದ್ದೀರಿ ಎಂಬಂತೆ.

ಜಪ್ತಿ ಪಂಚನಾಮೆ ಹನ್ನೊಂದು ನಲವತ್ತಕ್ಕೆ ಮುಗಿಯಿತು. ಬಂಧನದ ಕಾಗದಕ್ಕೆ ಸಹಿ ಹಾಕುವಾಗ ಅವನು ಒಂದೇ ಕೇಳಿದ. "ಅವಳಿಗೆ ಹೇಳಿದ್ರಾ?"

"ಇಲ್ಲ. ನೀವು ಹೇಳ್ಬೇಕು. ಶನಿವಾರಕ್ಕೆ ಅವಳು ತರಗತಿಗೆಲ್ಲ ಕರೆ ಕೊಟ್ಟಿದಾಳೆ." ಹುಡುಗಿ ಚಾಪೆಯ ಮೇಲೆ ಕೂತು ಹೇಳಿದ್ದನ್ನು, ಒಂದು ಮಾತೂ ಸೇರಿಸದೆ, ಇನ್ಸ್‌ಪೆಕ್ಟರ್ ಹೇಳಿದರು. ಮೇಸ್ತ್ರಿ ಅರ್ಧ ಹಾಕಿದ ನೆಲದ ಅಂಚಿನಲ್ಲಿ ಕುಕ್ಕರಿಸಿಬಿಟ್ಟ. ಗಾರೆ ಹಸಿಯಿತ್ತು. ಅವನ ಕೆಲಸಗಾರರು ಬೇರೆ ಕಡೆ ನೋಡಿದರು.

*

ಮಧ್ಯಾಹ್ನ ಮೂರಕ್ಕೆ ಅತ್ತೆ ಹುಡುಗಿಯನ್ನು ಠಾಣೆಗೆ ಕರೆತಂದಳು. ಮುಖ್ಯಪೇದೆ ಇಬ್ಬರಿಗೂ ಬೆಂಚು ಎಳೆದುಕೊಟ್ಟು ಕಪಾಟಿನ ಹತ್ತಿರ ಹೋಗಿ ನಿಂತ. ತಾನು ಮಾಡಿದ್ದನ್ನು ಮೇಸ್ತ್ರಿ ನೆಲ ನೋಡುತ್ತ ಹೇಳಿದ. ಅರ್ಧ ಹೇಳಿದ್ದನ್ನೇ ಎರಡು ಸಲ ಹೇಳಿದ, ಕೊನೆಯದನ್ನು ಹೇಳಲಿಲ್ಲ. ಹುಡುಗಿಗೆ ಅರ್ಥವಾಯಿತು.

"ಅಪ್ಪಾ, ಅದು ನಂದು."

"ಹೂಂ."

"ಕೇಳಿ ತಗೋಬೇಕಿತ್ತು."

"ತಪ್ಪಾಯ್ತು ಕಂದಾ."

"ಸರಿ. ಅಳಬೇಡ. ಇಲ್ಲಿ ಎಲ್ಲರೂ ನೋಡ್ತಿದಾರೆ." ಅವಳು ಬೆಂಚಿನ ಮೇಲೆ ಸರಿದು ಅವನಿಗೆ ಜಾಗ ಮಾಡಿದಳು.

ಕಲಾವಿದೆಯೂ ಮೇಷ್ಟ್ರೂ ಬಂದು ದೂರು ವಾಪಸು ಪಡೆಯುತ್ತೇವೆಂದರು. "FIR ಆದ್ಮೇಲೆ ಅದು ನನ್ನಿಂದ ಆಗೋದಲ್ಲ. ಏನಿದ್ರೂ ನ್ಯಾಯಾಲಯದಲ್ಲಿ ಹೇಳಿ," ಅಂದರು ಇನ್ಸ್‌ಪೆಕ್ಟರ್. ಅವರು ಹಾಗೇ ಮಾಡಿದರು. ಗುರುವಾರ ಜಾಮೀನಾಯಿತು, ಬಿಲ್ಲೆಯನ್ನು ಮುಚ್ಚಳಿಕೆ ಬರೆಸಿಕೊಂಡು ಕಲಾವಿದೆಯ ವಶಕ್ಕೆ ಕೊಡಲು ಆದೇಶವಾಯಿತು. ಅಕ್ಕಪಕ್ಕದ ಅಂಗೈಗಳಿಗೆ ಪೆಟ್ಟಾಗದಂತೆ ಸಿಮೆಂಟಿನದನ್ನು ಬಿಡಿಸಬಲ್ಲವನು ಒಬ್ಬನೇ ಎಂದು ಆಕೆ ಸಮಿತಿಗೆ ಬರೆದುಕೊಟ್ಟಳು. ಶುಕ್ರವಾರ ಬೆಳಿಗ್ಗೆ ಮೇಸ್ತ್ರಿ ಅದನ್ನು ಬಿಡಿಸಿ, ಬಲಗೈ ಬಿಲ್ಲೆಯನ್ನು ಅದೇ ಜಾಗಕ್ಕೆ ಹಿಡಿದ. ಹುಡುಗಿ ಪರದೆಯೊಳಗೆ ನಿಂತು, ಎತ್ತರ ಸರಿಯಾಯಿತೇ ಎಂದು ತಾನೇ ಕೈಚಾಚಿ ನೋಡಿ, "ಇಲ್ಲೇ ಇರ್ಲಿ," ಅಂದಳು.

ಆ ಮಧ್ಯಾಹ್ನ ಇನ್ಸ್‌ಪೆಕ್ಟರ್ ಕೇಸ್ ಡೈರಿ ಮುಗಿಸಲು ಕೂತರು. ಕೃತ್ಯದ ಉದ್ದೇಶ ಎಂಬಲ್ಲಿ, 'ಮಗಳು ನೋಡಿ ನೊಂದುಕೊಳ್ಳಬಾರದೆಂದು' ಎಂದು ಬರೆದರು. ಓದಿಕೊಂಡರು. ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಕೆಳಗೆ ಇನ್ನೊಂದು ಸಾಲು ಸೇರಿಸಿದರು:

'ಆರೋಪಿಯು ಸ್ವತ್ತನ್ನು ಒಡೆದಿಲ್ಲ, ಬಚ್ಚಿಟ್ಟಿಲ್ಲ. ಕೆಲಸಕ್ಕೆ ಹೋದಲ್ಲೆಲ್ಲ ಜೊತೆಗೆ ಒಯ್ದಿದ್ದಾನೆ.'