ಮೂರನೇ ಪಾಠದ ಹೆಂಡತಿ

"ಆರ್ ಯು ಮ್ಯಾರೀಡ್?"

ಟೀಚರ್ ಅವನನ್ನು ಕೇಳಿದ ಮೊಟ್ಟಮೊದಲ ಪ್ರಶ್ನೆಯೇ ಇದು. ಪಾಪ, ಅವಳದೇನೂ ತಪ್ಪಿರಲಿಲ್ಲ. ಪುಸ್ತಕದ ಮೂರನೇ ಪಾಠದಲ್ಲಿ ಹಾಗೆ ಇತ್ತು, ಕೇಳಿದಳು.

ಹಿಂದಿನ ಬೆಂಚಿನಲ್ಲಿದ್ದ ಬಸ್ ಡ್ರೈವರ್ ಎದ್ದು ನಿಂತ. ಕೈಯಲ್ಲಿದ್ದ ಬೀಗದ ಕೈ ಗೊಂಚಲನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟ. ಗಂಟಲು ಸರಿಮಾಡಿಕೊಂಡು, "ಯೆಸ್ ಟೀಚರ್. ಐ ಹ್ಯಾವ್ ಎ ವೈಫ್ ಅಂಡ್ ಟೂ ಚಿಲ್ಡ್ರನ್" ಎಂದ. ಒಂದು ಅಕ್ಷರ ತಪ್ಪಿರಲಿಲ್ಲ.

"ವೆರಿ ಗುಡ್" ಎಂದಳು ಟೀಚರ್. ಹಾಗೆನ್ನುವಾಗ ಅವಳ ಮನಸ್ಸು ಯಾಕೋ ಸ್ವಲ್ಪ ಪೆಚ್ಚಾಯಿತು.

ಅವಳು ಬೇರೆ ದೇಶದ ಹುಡುಗಿ, ಕಾಲೇಜಿನ ಕೊನೆಯ ವರ್ಷ. ಬೆಳಿಗ್ಗೆ ದೊಡ್ಡವರಿಗೆ ಇಂಗ್ಲಿಷ್ ಪಾಠ, ಮಧ್ಯಾಹ್ನ ಸಮಾಜಸೇವೆ. ಹೀಗೆ ಒಂದು ಸೆಮಿಸ್ಟರ್ ಪರದೇಶದಲ್ಲಿ ಸ್ವಯಂಸೇವಕಿಯಾಗಿ ದುಡಿದರೆ ಓದಿನಲ್ಲೂ ಅದು ಲೆಕ್ಕಕ್ಕೆ ಬರುತ್ತಿತ್ತು. ಬಸ್ ಸ್ಟ್ಯಾಂಡಿನ ಮೇಲಿನ ಮಹಡಿಯಲ್ಲಿ ಉದ್ದನೆಯ ಕೋಣೆ, ಕಿರುಗುಟ್ಟುವ ಫ್ಯಾನು, ಕಿಟಕಿಯಿಂದ ಒಳಗೆ ಬರುವ ಡೀಸೆಲ್ ವಾಸನೆ. ಅದೇ ಅವಳ ಕ್ಲಾಸು. ಊರಿನ ಮಾತು ಕೇಳಿದರೆ ಅವಳಿಗೆ ಅರ್ಥವಾಗುತ್ತಿತ್ತು, ಆಡಲು ಹೋದರೆ ನಾಲಿಗೆ ಎಡವುತ್ತಿತ್ತು.

ಹೊರಡುವಾಗ, ಅವಳನ್ನು ಇಲ್ಲಿಗೆ ಕಳಿಸಿದ ಸಂಸ್ಥೆಯವರು ಒಂದು ಮಾತು ಹೇಳಿದ್ದರು: ಯಾರ ಮನೆಯ ವಿಷಯವನ್ನೂ ಕೆದಕಬೇಡಿ, ಕ್ಲಾಸಿನಲ್ಲಿ ಅವರಾಗಿ ಹೇಳಿದಷ್ಟು ಸಾಕು. ಹಾಗಾಗಿ ಕ್ಲಾಸಿನಲ್ಲಿ ಹೇಳಿದ್ದನ್ನೆಲ್ಲ ಟೀಚರ್ ಕಣ್ಣು ಮುಚ್ಚಿಕೊಂಡು ನಂಬಿದಳು. ಟೈಲರಕ್ಕ ದಿನವೂ ಗಂಡನ ಗುಣಗಾನ ಮಾಡುತ್ತಿದ್ದಳು. ಅವನು ಎತ್ತರವಂತೆ, ಅವನಿಗೆ ಟೀ ಇಷ್ಟವಂತೆ. ನಂಬಿದಳು. ಬೇಕರಿಯಣ್ಣ ತನ್ನ ಹತ್ತಿರ ಒಂದು ಬಿಳಿ ಕುದುರೆ ಇದೆ ಎಂದ. ಅದನ್ನೂ ನಂಬಿ, "ಅದಕ್ಕೆ ತಿನ್ನೋಕೆ ಏನು ಕೊಡ್ತೀರಿ?" ಎಂದು ಕೇಳಿದಳು. ಕ್ಲಾಸೆಲ್ಲ ಗೊಳ್ಳೆಂದಿತು. ಎರಡು ಸೈಕಲ್ ಎದುರಾದರೆ ಒಬ್ಬರು ಇಳಿದು ನಿಲ್ಲಬೇಕಾದ ಆ ಓಣಿಯಲ್ಲಿ ಕುದುರೆಯನ್ನು ಎಲ್ಲಿ ಕಟ್ಟುತ್ತಾನೆ ಎಂಬ ಯೋಚನೆ ಅವಳಿಗೆ ಬರಲೇ ಇಲ್ಲ.

ಮಧ್ಯಾಹ್ನದ ಸೇವೆ ಎಂದರೆ ಮೆಟ್ಟಿಲಿಳಿಯಲಾಗದ ಮುದುಕರ ಮನೆಗಳಿಗೆ ಊಟದ ಡಬ್ಬಿ ತಲುಪಿಸುವುದು. ಡಬ್ಬಿಗಳೂ ಅವಳೂ ಹೋಗುತ್ತಿದ್ದದ್ದು ಡ್ರೈವರನ ಪುಟ್ಟ ಬಸ್ಸಿನಲ್ಲಿ. ಸ್ಟಾಪ್ ಇಲ್ಲದ ಕಡೆಯೂ ಅವಳಿಗಾಗಿ ಬಸ್ ನಿಲ್ಲುತ್ತಿತ್ತು.

"ಇಲ್ಲಿ ಸ್ಟಾಪ್ ಇಲ್ವಲ್ಲ, ಡ್ರೈವರ್?"

"ಡಬ್ಬಿ ಭಾರ ಇದೆ, ಟೀಚರ್."

"ವಾಪಸ್ ಬರುವಾಗ ಖಾಲಿ ಇರುತ್ತೆ. ಆಗಲೂ ನಿಲ್ಲಿಸ್ತೀರಿ."

"ಖಾಲಿ ಡಬ್ಬಿ ಸದ್ದು ಮಾಡುತ್ತೆ" ಎಂದು ಅವನು ಕನ್ನಡಿಯಲ್ಲಿ ಅವಳನ್ನು ನೋಡಿ ನಕ್ಕ. ಅವಳೂ ನಕ್ಕಳು. ಅವಳ ನಗು ದೊಡ್ಡದು, ಬಸ್ಸಿನ ಕೊನೆಯ ಸೀಟಿಗೂ ಕೇಳಿಸುವಂಥದ್ದು.

ಅವನ ಕಿಟಕಿಯ ಕಡೆಯ ಕೈ ಇನ್ನೊಂದು ಕೈಗಿಂತ ಕಪ್ಪಗಿತ್ತು. ಗೇರ್ ಬದಲಿಸುವಾಗ ಕೆಳತುಟಿಯನ್ನು ಒಂದು ಚೂರು ಕಚ್ಚಿಕೊಳ್ಳುತ್ತಿದ್ದ. ಇದನ್ನೆಲ್ಲ ತಾನು ಯಾಕೆ ಗಮನಿಸಬೇಕು? ಮದುವೆಯಾದ ಗಂಡಸು, ಎರಡು ಮಕ್ಕಳ ತಂದೆ. ಬಂದದ್ದು ಸಮಾಜಸೇವೆಗೆ, ಮಾಡುತ್ತಿರುವ ಘನಕಾರ್ಯ ನೋಡು ಎಂದು ತನಗೆ ತಾನೇ ಛೀಮಾರಿ ಹಾಕಿಕೊಳ್ಳುತ್ತಿದ್ದಳು. ಮಾರನೆಯ ದಿನ ಮತ್ತೆ ಅದೇ ಮುಂದಿನ ಸೀಟು.

ಆ ಹೆಂಡತಿಯ ವಿಷಯ ಕೇಳದೆಯೂ ಇರಲಾಗುತ್ತಿರಲಿಲ್ಲ. ಗಾಯದ ಹಕ್ಕಳೆ ಕಿತ್ತುಕೊಂಡ ಹಾಗೆ, ಪಾಠದ ನೆಪದಲ್ಲಿ ದಿನಕ್ಕೊಮ್ಮೆ ಕೇಳುವಳು. "ಟೆಲ್ ಅಸ್ ಅಬೌಟ್ ಯುವರ್ ವೈಫ್."

ಅವನು ಒಂದೊಂದೇ ಪದ ಹುಡುಕಿ ಜೋಡಿಸುತ್ತಿದ್ದ. "ಶಿ ಈಸ್ ಬ್ಯೂಟಿಫುಲ್. ಶಿ ಲಾಫ್ಸ್ ವೆರಿ ಲೌಡ್ಲಿ."

ಬೆಂಚುಗಳಲ್ಲಿ ಕಿಸಿಕಿಸಿ ನಗು. ಟೈಲರಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದಳು. ಇಷ್ಟು ಒಳ್ಳೆಯ ಹೆಂಗಸಿನ ಸಂಸಾರಕ್ಕೆ ಕಣ್ಣು ಹಾಕುತ್ತಿದ್ದೇನಲ್ಲ ಎಂದು ಟೀಚರಿಗೆ ಮೈ ಹಿಡಿಯಷ್ಟಾಯಿತು. ಆ ಪಾಪಪ್ರಜ್ಞೆಯಲ್ಲೇ ಸಂತೆಗೆ ಹೋಗಿ ನೀಲಿ ಸ್ಕಾರ್ಫ್ ಒಂದನ್ನು ತಂದಳು. ಕ್ಲಾಸ್ ಮುಗಿದ ಮೇಲೆ ಎಲ್ಲರೆದುರೇ ಅವನ ಕೈಗಿಟ್ಟು, "ನಿಮ್ಮ ಹೆಂಡತಿಗೆ" ಎಂದಳು.

ಡ್ರೈವರ್ ಸ್ಕಾರ್ಫನ್ನು ನೋಡಿದ, ಅವಳನ್ನು ನೋಡಿದ. ಅವನ ಮುಖ ಅಷ್ಟು ಅರಳಿದ್ದನ್ನು ಅವಳು ಹಿಂದೆ ಕಂಡಿರಲಿಲ್ಲ. ಹೆಂಡತಿಯ ಮೇಲೆ ಎಷ್ಟು ಪ್ರೀತಿ ಎಂದುಕೊಂಡು ತಲೆ ತಗ್ಗಿಸಿದಳು.

ಅದಾದ ಎರಡನೆಯ ದಿನ ಪಾಠ ಮುಗಿದರೂ ಅವನು ಕೂರಲಿಲ್ಲ. ಹೊಸದಾಗಿ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಬಾಯಿಪಾಠ ಮಾಡಿ ತಂದಿದ್ದ ವಾಕ್ಯವನ್ನು ಒಂದೇ ಉಸಿರಿಗೆ ಹೇಳಿದ: "ಟೀಚರ್, ಆನ್ ಸಂಡೇ, ವಿಲ್ ಯು ಕಮ್ ವಿತ್ ಮಿ ಟು ಸೀ ದಿ ರಿವರ್?"

ಒಂದು ಕ್ಷಣ, ಒಂದೇ ಕ್ಷಣ, ಅವಳಿಗೆ ಎಲ್ಲಿಲ್ಲದ ಸಂತೋಷವಾಯಿತು. ಬರ್ತೀನಿ ಎಂಬ ಮಾತು ತುಟಿಯವರೆಗೂ ಬಂದಿತ್ತು. ಆಮೇಲೆ ಆ ಸಂತೋಷಕ್ಕೇ ಅವಳು ಹೆದರಿದಳು. ಕ್ಲಾಸಿಗೆ ಕ್ಲಾಸೇ ತನ್ನ ಮನಸ್ಸನ್ನು ಓದಿಬಿಟ್ಟಿತೇನೋ ಅನ್ನಿಸಿ ಕಿವಿ ಬಿಸಿಯಾಯಿತು. ಬೇಕೆಂದೇ ಊರಿನ ಮಾತಿನಲ್ಲಿ, ಎಲ್ಲರಿಗೂ ತಿಳಿಯುವ ಹಾಗೆ, ಗಟ್ಟಿಯಾಗಿ ಹೇಳಿದಳು:

"ನಿಮ್ಮ ಹೆಂಡತೀನ ಕರ್ಕೊಂಡು ಹೋಗಿ. ನಾಚಿಕೆ ಆಗಲ್ವಾ ನಿಮಗೆ?"

ಯಾರೂ ನಗಲಿಲ್ಲ. ಡ್ರೈವರ್ ಬೀಗದ ಕೈಗಳನ್ನು ತಡಕಾಡಿ ಎತ್ತಿಕೊಂಡ. ಅವು ಒಮ್ಮೆ ಕೈಜಾರಿ ನೆಲಕ್ಕೆ ಬಿದ್ದವು. ಬಗ್ಗಿ ಹೆಕ್ಕಿಕೊಂಡು, ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಹೋದ.

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಉಳಿದವರು ಬಂದರು, ಕೂತರು, ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟರು. ಬೇಕರಿಯಣ್ಣ ಕುದುರೆಯ ಸುದ್ದಿಯನ್ನೇ ಎತ್ತಲಿಲ್ಲ. ಆ ಬಸ್ ಹತ್ತುವ ಮುಖವಿಲ್ಲದೆ ಟೀಚರ್ ಡಬ್ಬಿಗಳನ್ನು ಹೊತ್ತು ನಡೆದೇ ಹೋಗತೊಡಗಿದಳು. ತಾನು ಮಾಡಿದ್ದು ಸರಿ ಎಂದು ದಾರಿಯುದ್ದಕ್ಕೂ ಹೇಳಿಕೊಂಡಳು. ಆದರೆ ಅವನಿಗಂದ ಮಾತು ನಿಜವಾಗಿ ಯಾರಿಗೆ ಸೇರಬೇಕಾದದ್ದು ಎಂದು ಅವಳಿಗೆ ಗೊತ್ತಿತ್ತು. ತನ್ನ ಕಳ್ಳಮನಸ್ಸನ್ನು ಮುಚ್ಚಿಕೊಳ್ಳಲು ಅವನ ಮಾನ ಕಳೆದಿದ್ದಳು. ಇನ್ನು ಎರಡು ವಾರಕ್ಕೆ ಊರಿಗೆ ಹೊರಡಬೇಕು. ಹೀಗೇ ಹೊರಟರೆ ಈ ಮುಖವನ್ನು ಕನ್ನಡಿಯಲ್ಲಿ ನೋಡಿಕೊಳ್ಳುವುದು ಹೇಗೆ?

ನಡೆದೂ ನಡೆದೂ ಡಬ್ಬಿ ಚೀಲದ ಹಿಡಿ ಕಿತ್ತುಬಂತು. ಹೊಲಿಸಲು ಟೈಲರಕ್ಕನ ಮನೆಗೆ ಹೋದಳು. ಒಂದೇ ಕೋಣೆ, ಒಂದು ಕುರ್ಚಿ, ಒಂದೇ ಲೋಟ. ಹೊಲಿಗೆ ಮಷಿನ್ನಿನ ಮೇಲೆ ನೀಲಿ ಸ್ಕಾರ್ಫ್ ಮಡಿಸಿಟ್ಟಿತ್ತು.

"ಇದು ಡ್ರೈವರ್ ಹೆಂಡತಿಯದಲ್ವಾ?"

ಟೈಲರಕ್ಕ ಮಷಿನ್ ತುಳಿಯುವುದನ್ನು ನಿಲ್ಲಿಸಿದಳು. "ಇನ್ನೂ ಸಾಕಾಗಿಲ್ವಾ ಟೀಚರ್? ಅವನನ್ನ ಎಲ್ಲರ ಮುಂದೆ ಆಡ್ಕೊಂಡಿದ್ದು ಸಾಲದು ಅಂತ ನನ್ನ ಮುಂದೇನೂ ಶುರು ಹಚ್ಕೊಂಡ್ರಾ?"

"ಆಡ್ಕೊಂಡೆನಾ? ನಾನಾ?"

"ಯಾವ ಹೆಂಡ್ತಿ ರೀ? ಎಲ್ಲಿದಾಳೆ? ಡಿಪೋ ಹಿಂದೆ ಒಂದು ರೂಮು, ಒಂದು ಸ್ಟವ್ವು, ಅವನು. ಅಷ್ಟೇ ಅವನ ಸಂಸಾರ."

ಟೀಚರ್ ಇದ್ದ ಒಂದೇ ಕುರ್ಚಿಯಲ್ಲಿ ಕುಸಿದು ಕೂತಳು. "ಮತ್ತೆ... ಮೊದಲ ದಿನ... ಎರಡು ಮಕ್ಕಳು..."

"ಪುಸ್ತಕದಲ್ಲಿ ಇದ್ದಿದ್ದು ಆ ಒಂದೇ ಉತ್ತರ. ಬಾಯಿಪಾಠ ಮಾಡಿದ್ದ, ಒಪ್ಪಿಸಿದ. ನೀವು ವೆರಿ ಗುಡ್ ಅಂದ್ರಿ. ಆಮೇಲೆ ಆ ಮೂರೂ ಜನಾನ ಎಲ್ಲಿಗೆ ಅಂತ ಸಾಗಹಾಕ್ತಾನೆ?" ಟೈಲರಕ್ಕ ಅವಳ ಮುಖವನ್ನು ದಿಟ್ಟಿಸಿ ನೋಡಿದಳು. ದನಿ ಸ್ವಲ್ಪ ಇಳಿಯಿತು. "ನೀವು ನಿಜ ಅಂತಾನೇ ಅಂದ್ಕೊಂಡಿದ್ರಾ? ಕುದುರೇನೂ?"

ಟೀಚರ್ ಹೌದೆಂದು ತಲೆಯಾಡಿಸಿದಳು.

"ದೇವರೇ! ತಿನ್ನೋಕೆ ಏನು ಕೊಡ್ತೀರಿ ಅಂತ ಕೇಳಿದ್ದು ತಮಾಷೆ ಅಂದ್ಕೊಂಡಿದ್ವಲ್ಲ ನಾವು! ಬರೋ ನಾಲ್ಕು ಇಂಗ್ಲಿಷ್ ಮಾತಲ್ಲಿ ಏನು ಹೇಳೋಕಾಗುತ್ತೋ ಅದನ್ನೇ ತಾನೇ ಹೇಳ್ಬೇಕು? ನಮ್ಮ ಯಜಮಾನ್ರು ಟೀ ಕುಡೀತಾರೆ ಅಂತೀನಲ್ಲ, ಅವರು ಹೋಗಿ ಎಷ್ಟೋ ವರ್ಷ ಆಯ್ತು. ಹೊರಗೆ ಅವರ ಹೆಸರೆತ್ತಿದ್ರೆ ಎಲ್ಲಾ ಅಯ್ಯೋ ಪಾಪ ಅಂತಾರೆ. ನಿಮ್ಮ ಕ್ಲಾಸಲ್ಲಿ ಅವರು ದಿನಾ ಟೀ ಕುಡೀತಾರೆ."

ಟೈಲರಕ್ಕ ಹಿಡಿ ಕಿತ್ತ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಆ ಡ್ರೈವರ್ ಹೇಳೋ ಹೆಂಡ್ತಿ ಜೋರಾಗಿ ನಗ್ತಾಳಂತೆ. ಈ ಊರಲ್ಲಿ ಹಾಗೆ ನಗೋರು ಯಾರಿದಾರೆ, ನೀವೇ ಹೇಳಿ. ನೀವು ಸ್ಕಾರ್ಫ್ ಕೊಟ್ಟಾಗ, ಹೆಂಡ್ತಿ ಇಲ್ಲ ಅಂತ ಗೊತ್ತಿದ್ದೇ ಕೊಟ್ರು, ಅದೇ ಅವರ ಉತ್ತರ ಅಂದ್ಕೊಂಡ. ಅಂಚು ಬಿಟ್ಟಿದೆ ಅಕ್ಕಾ, ಹೊಲಿದು ಕೊಡಿ, ಭಾನುವಾರ ಹೊಳೆ ಹತ್ರ ಅವರಿಗೇ ಕೊಡ್ತೀನಿ ಅಂತ ತಂದಿಟ್ಟಿದ್ದ. ನೀವು ನೋಡಿದ್ರೆ, ಒಂಟಿ ಮನುಷ್ಯನಿಗೆ, ಎಲ್ಲರ ಮುಂದೆ, ಹೆಂಡ್ತೀನ ಕರ್ಕೊಂಡು ಹೋಗು ಅಂದ್ರಿ."

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ. ಇಷ್ಟು ದಿನ ಇಲ್ಲದ ಹೆಂಗಸಿಗೆ ಮೋಸ ಮಾಡಿದೆನೆಂದು ನಾಚಿದ್ದಳು. ಇದ್ದ ಮನುಷ್ಯನ ಎದೆಗೆ ಒದ್ದದ್ದು ಗೊತ್ತೇ ಆಗಿರಲಿಲ್ಲ. ಮುಖ ಮುಚ್ಚಿಕೊಂಡು ಅತ್ತಳು. ಟೈಲರಕ್ಕ ಇದ್ದ ಒಂದೇ ಲೋಟದಲ್ಲಿ ನೀರು ತಂದಿಟ್ಟು, ಚೀಲದ ಹಿಡಿ ಹೊಲಿಯತೊಡಗಿದಳು.

"ಕ್ಷಮಿಸಿ ಅಂದರೆ ಸಾಕಾ, ಅಕ್ಕ?"

"ಅದು ಕಾಲು ತುಳಿದಾಗ ಅನ್ನೋ ಮಾತು. ನನ್ನ ತಪ್ಪನ್ನ ಹೊಟ್ಟೆಗೆ ಹಾಕ್ಕೊಳ್ಳಿ ಅನ್ನಿ. ಎಲ್ಲರ ಮುಂದೆ ಅಂದಿದ್ದನ್ನ ಎಲ್ಲರ ಮುಂದೇನೇ ತಗೋಬೇಕು."

ಬಸ್ ಸ್ಟ್ಯಾಂಡಿನಲ್ಲಿ ಅವನ ಬಸ್ ತುಂಬಿ ಹೊರಡಲು ಸಿದ್ಧವಾಗಿತ್ತು. ಟೈಲರಕ್ಕನಿಂದ ಕೇಳಿ ತಂದ ಸ್ಕಾರ್ಫ್ ಹಿಡಿದು ಟೀಚರ್ ಹತ್ತಿದಳು. ಡ್ರೈವರ್ ಮುಖ ತಿರುಗಿಸದೆ, "ಎಲ್ಲಿಗೆ?" ಎಂದ. ಎಲ್ಲ ಪ್ರಯಾಣಿಕರಿಗೂ ಕೇಳುವ ಪ್ರಶ್ನೆ ಅದು. ಅವಳಿಗೆ ಅದು ಕೆನ್ನೆಗೆ ಬಾರಿಸಿದಂತಾಯಿತು.

ಅವಳ ಬಾಯಿಗೆ ಬರುತ್ತಿದ್ದದ್ದು ಅಂಗಡಿ ಬೀದಿಯ ನಾಲ್ಕು ಮಾತು. ಅದರಲ್ಲೇ ಶುರುಮಾಡಿದಳು.

"ನನ್ನ ತಪ್ಪು... ಹೊಟ್ಟೆಗೆ ಹಾಕ್ಕೊಳ್ಳಿ. ನನಗೆ ಗೊತ್ತಿರಲಿಲ್ಲ. ನಾನು ನಂಬಿದ್ದೆ. ಹೆಂಡತಿ ನಿಜ. ಮಕ್ಕಳು ನಿಜ. ಕುದುರೆ ನಿಜ."

ಡ್ರೈವರ್ ಈಗ ತಿರುಗಿದ. "ಕುದುರೇನೂ?"

"ಕುದುರೇನೂ."

ಎರಡನೆಯ ಸಾಲಿನಲ್ಲಿ ಬ್ರೆಡ್ ಬುಟ್ಟಿ ಹಿಡಿದು ಕೂತಿದ್ದ ಬೇಕರಿಯಣ್ಣ ಕಿಟಕಿಯಾಚೆ ನೋಡತೊಡಗಿದ.

"ನೀವು ಹೊಳೆಗೆ ಕರೆದಾಗ ನನಗೆ ಸಂತೋಷ ಆಯ್ತು. ತುಂಬಾ. ಅದಕ್ಕೆ ಭಯ ಆಯ್ತು. ನಾಚಿಕೆ ಆಗಲ್ವಾ ಅಂದಿದ್ದು ನಿಮಗಲ್ಲ. ನನಗೆ."

ಡ್ರೈವರ್ ಸ್ಟೀರಿಂಗಿನ ಮೇಲೆ ಬೆರಳಾಡಿಸುತ್ತ ಕೂತ.

"ತುಂಬಾ ನೋವಾಯ್ತು ಟೀಚರ್" ಎಂದ ಕೊನೆಗೆ. "ತಪ್ಪು ನಂದೂ ಇದೆ. ಯಾರೂ ಇಲ್ಲ ಅಂತ ಹೇಳೋಕೆ ಇಂಗ್ಲಿಷ್ ಬರಲಿಲ್ಲ. ಬಂದ ಮೇಲೆ ಹೇಳೋಕೆ ನಾಚಿಕೆ ಆಯ್ತು."

"ಈಗ ಹೇಳಿ."

ಅವನು ಕ್ಲಾಸಿನಲ್ಲಿದ್ದಂತೆ ಎದ್ದು ನಿಲ್ಲಲು ಹೋಗಿ ತಲೆಗೆ ಮೇಲಿನ ಕಂಬಿ ತಾಗಿಸಿಕೊಂಡ. "ಐ ಹ್ಯಾವ್ ನೋ ವೈಫ್."

"ಯೆಟ್" ಎಂದಳು ಟೀಚರ್.

ತಿದ್ದುವ ಅಭ್ಯಾಸ, ಬಾಯಿ ಜಾರಿ ಬಂದುಬಿಟ್ಟಿತು. ವಾಪಸ್ ನುಂಗುವಂತಿರಲಿಲ್ಲ.

"ಯೆಟ್ ಅಂದ್ರೆ?"

"ಏನಿಲ್ಲ."

"ಪಾಠದಲ್ಲಿ ಬಂದಿಲ್ಲ, ಟೀಚರ್. ಅರ್ಥ ಹೇಳ್ಬೇಕು."

ಅವಳ ಕಿವಿಯಿಂದ ಕೊರಳಿನವರೆಗೆ ಕೆಂಪೇರಿತು. ನಲವತ್ತು ಕಣ್ಣುಗಳು ಕಾಯುತ್ತಿದ್ದವು. ಕೈಯಲ್ಲಿದ್ದ ನೀಲಿ ಸ್ಕಾರ್ಫನ್ನು ಸುತ್ತಿ ಸುತ್ತಿ ಹಗ್ಗ ಮಾಡಿದಳು. "ಯೆಟ್ ಅಂದ್ರೆ... ಇನ್ನೂ ಇಲ್ಲ. ಇವತ್ತು ಇಲ್ಲ. ಆಮೇಲೆ... ಆಗಬಹುದು."

ಡ್ರೈವರ್ ಅದನ್ನು ಮನಸ್ಸಿನಲ್ಲೇ ಎರಡು ಸಲ ಓದಿಕೊಂಡ ಹಾಗೆ ಕಂಡಿತು. ಗೇರ್ ಹಾಕದೆಯೇ ಕೆಳತುಟಿ ಕಚ್ಚಿಕೊಂಡ.

"ನೀವು ಊರಿಗೆ ಹೋಗ್ತೀರಲ್ಲ."

"ಪರೀಕ್ಷೆ ಇದೆ. ಹೋಗಿ ಬರ್ತೀನಿ."

"ಭಾನುವಾರ?"

"ಭಾನುವಾರ ಇಲ್ಲೇ ಇರ್ತೀನಿ."

ಅವನು ಕೈ ಚಾಚಿ ಸ್ಕಾರ್ಫನ್ನು ತೆಗೆದುಕೊಂಡ. ಸುಕ್ಕು ಬಿಡಿಸಿದ, ಟೈಲರಕ್ಕ ಹೊಲಿದ ಅಂಚನ್ನು ನೋಡಿದ, ಮತ್ತೆ ಅವಳ ಕೈಗೇ ಇಟ್ಟ. ಅವಳು ಅದನ್ನು ಕೊರಳಿಗೆ ಸುತ್ತಿಕೊಳ್ಳುವುದರ ಬದಲು ಮುಖಕ್ಕೇ ಮುಚ್ಚಿಕೊಂಡಳು. ಅದರೊಳಗಿಂದ ಅವಳ ನಗು ಕೊನೆಯ ಸೀಟಿನವರೆಗೂ ಕೇಳಿಸಿತು.

"ಟೀಚರ್," ಎರಡನೆಯ ಸಾಲಿನಿಂದ ಬೇಕರಿಯಣ್ಣ ಮೆಲ್ಲಗೆ ಕೈ ಎತ್ತಿದ. "ಐ ಹ್ಯಾವ್ ನೋ ಹಾರ್ಸ್, ಯೆಟ್. ಸರಿನಾ?"

"ವೆರಿ ಗುಡ್" ಎಂದಳು ಟೀಚರ್, ಮುಖದಿಂದ ಸ್ಕಾರ್ಫ್ ತೆಗೆಯದೆಯೇ.